ಪದ ಪರಿಚಯ: ಆರ್ಟ್ ಕ್ವಿಲ್ಟ್

ಹೊದೆಯಲೆಂದಲ್ಲದೆ ನೋಡಲೆಂದೇ ರಚಿಸಿದ ಕೌದಿಗೆ ಆರ್ಟ್ ಕ್ವಿಲ್ಟ್ ಎಂದು ಹೆಸರು. ಕಲಾಕೌದಿ ಎಂದರೂ ಅರ್ಥ ಕೆಡದು. ಮೇಲ್ಬಟ್ಟೆ, ನಡುವಿನ ಮೆತ್ತನೆಯ ಹಾಸು, ಅಡಿಯ ಅಸ್ತರು ಎಂಬ ಮೂರು ಪದರಗಳನ್ನು ಒಂದಾಗಿ ಹಿಡಿಯುವ ಹೊಲಿಗೆಯೇ ಕ್ವಿಲ್ಟಿಂಗ್. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಅಮೆರಿಕನ್ ಕೌದಿಗಳನ್ನು ಅಮೂರ್ತ ಚಿತ್ರಗಳಂತೆ ಗೋಡೆಗೆ ತೂಗುಹಾಕಿತ್ತು. ಆದರೆ ಗೋಡೆಗೇರಿದ್ದರಿಂದಲೇ ಕೌದಿಯೊಂದು ಆರ್ಟ್ ಕ್ವಿಲ್ಟ್ ಆಗುವುದಿಲ್ಲ. ರೂಢಿಯ ಮಾದರಿಯನ್ನು ಬಿಟ್ಟು, ಚಿತ್ರಕಾರನಂತೆ ಸ್ವಂತ ವಿನ್ಯಾಸವನ್ನು ಬಟ್ಟೆಯಲ್ಲಿ ಯೋಚಿಸಿರಬೇಕು. ಅಂಥ ಕೃತಿಗಳಿಗೆಂದೇ 1979ರಲ್ಲಿ ಓಹಾಯೊದ ಅಥೆನ್ಸ್‌ನಲ್ಲಿ ಕ್ವಿಲ್ಟ್ ನ್ಯಾಷನಲ್ ಪ್ರದರ್ಶನ ಆರಂಭವಾಯಿತು.

ಬಟ್ಟೆಯಲ್ಲಿ ಯೋಚಿಸುವುದು ಕೇಳಿಸುವಷ್ಟು ಸುಲಭವಲ್ಲ. ಬಣ್ಣಗಳನ್ನು ಕುಂಚದಲ್ಲಿ ಬೆರೆಸಿದಂತೆ ಇಲ್ಲಿ ಬೆರೆಸಲಾಗದು. ಬೇಕಾದ ಛಾಯೆಯ ತುಂಡನ್ನು ಹುಡುಕಬೇಕು, ಇಲ್ಲವೇ ಬಟ್ಟೆಗೆ ತಾನೇ ಬಣ್ಣ ಕಟ್ಟಬೇಕು. ಪ್ರತಿ ತುಂಡಿನ ಅಂಚೂ ಸಾಮಾನ್ಯವಾಗಿ ಕಾಲು ಇಂಚಿನಷ್ಟು ಹೊಲಿಗೆಯೊಳಗೆ ಮಡಚಿಹೋಗುವುದರಿಂದ, ಒಂದು ಇಂಚಿನ ಚೌಕ ಕಾಣಬೇಕಾದರೆ ಒಂದೂವರೆ ಇಂಚಿನ ಚೌಕವನ್ನು ಕತ್ತರಿಸಬೇಕಾಗುತ್ತದೆ.

ನಿಜವಾದ ಇಕ್ಕಟ್ಟು ಇರುವುದು ಕ್ವಿಲ್ಟಿಂಗ್‌ನಲ್ಲೇ. ಪದರಗಳನ್ನು ಬಂಧಿಸುವ ದಾರವೇ ರೇಖೆಯೂ ಆಗಿರುತ್ತದೆ, ಮತ್ತು ಆ ರೇಖೆ ಬೀಳುವುದು ಮೇಲ್ಪದರದ ಸಂಯೋಜನೆ ಬಹುಪಾಲು ಮುಗಿದ ಮೇಲೆ. ಹೊಲಿಗೆ ಒತ್ತಾಗಿ ಬಿದ್ದ ಕಡೆ ಬಟ್ಟೆ ಕುಗ್ಗಿ ಚಪ್ಪಟೆಯಾಗುತ್ತದೆ, ವಿರಳವಾದ ಕಡೆ ಉಬ್ಬಿ ನೆರಳು ಬೀರುತ್ತದೆ. ಈ ಉಬ್ಬುತಗ್ಗೇ ಆರ್ಟ್ ಕ್ವಿಲ್ಟಿನ ಸೊಗಸು. ಆದರೆ ಮುಖವೊಂದನ್ನು ದಟ್ಟ ಹೊಲಿಗೆಯಲ್ಲಿ ಮೂಡಿಸಿ ಹಿನ್ನೆಲೆಯನ್ನು ಖಾಲಿ ಬಿಟ್ಟರೆ ನಡುಭಾಗ ಮಾತ್ರ ಕುಗ್ಗಿ, ಅಂಚು ಅಲೆಯಲೆಯಾಗಿ, ಮೂಲೆಗಳು ಲಂಬಕೋನ ತಪ್ಪುತ್ತವೆ. ಕಾಗದದ ನಕ್ಷೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲವಾದ್ದರಿಂದ ಅನುಭವಿಗಳು ಅದೇ ಬಟ್ಟೆ, ಅದೇ ಹಾಸು ಬಳಸಿ ಚಿಕ್ಕ ಮಾದರಿಯೊಂದನ್ನು ಮೊದಲೇ ಹೊಲಿದು ನೋಡುತ್ತಾರೆ. ದಾರದ ಬಣ್ಣವೂ ಸುಮ್ಮನಿರುವುದಿಲ್ಲ: ಕಡುನೀಲಿಯ ಮೇಲೆ ತಿಳಿಹಳದಿ ದಾರವನ್ನು ದಟ್ಟವಾಗಿ ಓಡಿಸಿದರೆ, ದೂರದಿಂದ ನೋಡುವವರಿಗೆ ಆ ನೀಲಿ ಮಂಕಾಗಿ ತೋರುತ್ತದೆ. ಬಿಚ್ಚಿ ಮತ್ತೆ ಹೊಲಿಯೋಣವೆಂದರೆ, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದುಬಿಡುತ್ತವೆ.

ಕೊನೆಯದು ಅಂಚಿನ ಪ್ರಶ್ನೆ. ಸುತ್ತಲೂ ಪಟ್ಟಿ ಹೊಲಿದರೆ ಅದು ಚೌಕಟ್ಟಿನಂತೆ ಚಿತ್ರವನ್ನು ಕಟ್ಟಿಹಾಕುತ್ತದೆ. ಪಟ್ಟಿಯನ್ನು ಹಿಂಬದಿಗೆ ಮಡಚಿ ಮರೆಮಾಡಿದರೆ ಚಿತ್ರ ಅಂಚಿನಾಚೆಗೂ ಹರಿದಂತೆ ಕಾಣುತ್ತದೆ. ಹಾಸಿಗೆಯ ಕೌದಿಯಲ್ಲಿ ಅಂಚು ಸವೆಯದಿದ್ದರೆ ಸಾಕಿತ್ತು.