ಲೋಡ್ ವರ್ಕ್ ಅಪ್: ಬಾಯಿಂದ ತುಂಬೋ ರೈಫಲ್‌ಗೆ ಈಡು ಹೊಂದಿಸೋದು ಅಂದ್ರೆ ಏನು?

ನಳಿಗೆ ಬಾಯಿಂದಾನೇ ಮದ್ದು ಸುರಿದು, ಗುಂಡು ಇಟ್ಟು, ಗಜ ಅನ್ನೋ ಉದ್ದ ಕೋಲಿಂದ ಜಡಿದು ಹೊಡೆಯೋ ರೈಫಲ್ ಇದ್ಯಲ್ಲ, ಮಝಲ್‌ಲೋಡರ್, ಅದರ ಬಗ್ಗೆ ಯಾರನ್ನೇ ವಿಚಾರಿಸಿ, ಮೊದಲು ಬರೋ ಮಾತು "ಲೋಡ್ ವರ್ಕ್ ಅಪ್ ಮಾಡ್ಕೊಳ್ಳಿ" ಅನ್ನೋದು. ಕೇಳಿದವರು ಹೆಚ್ಚಿನವರು ಇದನ್ನ "ಎಷ್ಟು ಮದ್ದು ಹಾಕ್ಬೇಕು ಅಂತ ನೋಡ್ಕೊಳ್ಳಿ" ಅಂತ ಅರ್ಥ ಮಾಡ್ಕೊಂಡು ಅಲ್ಲಿಗೇ ಬಿಟ್ಬಿಡ್ತಾರೆ. ಅದು ಅರ್ಧ ಅರ್ಥ ಅಷ್ಟೇ. ಈ ಮಾತಲ್ಲಿ "ಲೋಡ್" ಅನ್ನೋದಕ್ಕೂ "ಅಪ್" ಅನ್ನೋದಕ್ಕೂ ಬೇರೆ ಬೇರೆ ತೂಕ ಇದೆ, ಎರಡನ್ನೂ ಬಿಡಿಸಿ ನೋಡಿದ್ರೆ ಬೇಟೆ ರೈಫಲ್ ಇಟ್ಕೊಂಡೋರು ಯಾಕೆ ಇಡೀ ದಿನ ಕಾಗದದ ಟಾರ್ಗೆಟ್ ಮುಂದೆ ಕೂತಿರ್ತಾರೆ ಅಂತ ಗೊತ್ತಾಗುತ್ತೆ.

ಮೊದಲು ಲೋಡ್. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಈಡು, "ಒಂದು ಈಡಿಗಾಗೋಷ್ಟು ಮದ್ದು" ಅಂತೀವಲ್ಲ ಹಾಗೆ. ತೋಟಾ ಕೋವಿ ಆದ್ರೆ ಈಡು ಫ್ಯಾಕ್ಟರಿಯಿಂದಾನೇ ರೆಡಿಯಾಗಿ ಬರುತ್ತೆ, ಮದ್ದು ಎಷ್ಟು, ಗುಂಡು ಯಾವುದು, ಎಲ್ಲಾ ಒಂದೇ ಕೊಳವೆ ಒಳಗೆ ಮುಚ್ಚಿರುತ್ತೆ. ಮಝಲ್‌ಲೋಡರ್‌ನಲ್ಲಿ ಆ ಕೊಳವೆನೇ ಇಲ್ಲ, ನಳಿಗೆ ಬುಡದಲ್ಲೇ ಪ್ರತಿ ಸಲ ತೋಟಾ ಕಟ್ಟಿದ ಹಾಗೆ, ಕಟ್ಟೋದು ನೀವೇ. ಹಾಗಾಗಿ ಲೋಡ್ ಅಂದ್ರೆ ಬರೀ ಮದ್ದಿನ ಅಳತೆ ಅಲ್ಲ. ಮದ್ದು ಯಾವ ಜಾತಿ, ಅದರ ಕಾಳು ಎಷ್ಟು ಸಣ್ಣ, ಗುಂಡಿನ ಅಡ್ಡಳತೆ, ಗುಂಡು ಸುತ್ತೋ ಪ್ಯಾಚ್ ಬಟ್ಟೆಯ ದಪ್ಪ, ಆ ಬಟ್ಟೆಗೆ ಹಚ್ಚಿರೋ ಜಿಡ್ಡು, ಮದ್ದಿಗೆ ಕಿಡಿ ಕೊಡೋ ಕೇಪು ಯಾವುದು, ಗಜ ಎಷ್ಟು ಒತ್ತಿ ಜಡಿದ್ರಿ, ಹಿಂದಿನ ಈಡಾದ್ಮೇಲೆ ನಳಿಗೆ ಒರೆಸಿದ್ರಾ ಇಲ್ವಾ, ಇಷ್ಟೂ ಸೇರಿದ್ರೆ ಒಂದು ಲೋಡ್. ಇದರಲ್ಲಿ ಒಂದು ಬದಲಾದ್ರೂ ಅದು ಬೇರೆ ಲೋಡ್ ಅಂತಾನೇ ಲೆಕ್ಕ.

ಇನ್ನು ಅಪ್. ಇದರ ಅರ್ಥ ನೇರ: ಕೆಳಗಿಂದ ಮೇಲಕ್ಕೆ. ರೈಫಲ್ ತಯಾರಕರ ಪುಸ್ತಕದಲ್ಲಿ ಕೊಟ್ಟಿರೋ ಕನಿಷ್ಠ ಅಳತೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪನೇ ಏರಿಸ್ತಾ ಹೋಗೋದು, ಅದೇ ಪುಸ್ತಕದಲ್ಲಿರೋ ಗರಿಷ್ಠ ಮಿತಿ ದಾಟದೇ ಇರೋದು. ಮೇಲಿಂದ ಶುರು ಮಾಡಿ ಇಳಿಸ್ಕೊಂಡು ಬರೋ ಪದ್ಧತಿ ಇಲ್ಲವೇ ಇಲ್ಲ, ಯಾಕಂದ್ರೆ ನಳಿಗೆ ತಡೆಯೋ ಒತ್ತಡ ಎಷ್ಟು ಅನ್ನೋದನ್ನ ಮೊದಲನೇ ಈಡಲ್ಲೇ ಪರೀಕ್ಷೆ ಮಾಡೋಕಾಗಲ್ಲ.

ಇಲ್ಲಿ ಬರೋ ಅಳತೆಯ ಹೆಸರು ಗ್ರೇನ್, ಇದು ಹೊಸಬರನ್ನ ತುಂಬಾ ಗೊಂದಲಕ್ಕೆ ಹಾಕುತ್ತೆ. 50 ಗ್ರೇನ್ ಅಂದ್ರೆ 50 ಕಾಳು ಅಲ್ಲ. ಗ್ರೇನ್ ಒಂದು ಹಳೇ ತೂಕ, ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಂಗೆ ಸುಮಾರು 15.4. ಗುಂಡಿನ ತೂಕನೂ ಇದರಲ್ಲೇ ಹೇಳ್ತಾರೆ, 0.490 ಇಂಚು ಅಡ್ಡಳತೆಯ ಶುದ್ಧ ಸೀಸದ ಉರುಟು ಗುಂಡು ಸುಮಾರು 177 ಗ್ರೇನ್ ತೂಗುತ್ತೆ. ಆದ್ರೆ ಮದ್ದನ್ನ ತಕ್ಕಡಿಯಲ್ಲಿಟ್ಟು ತೂಗೋ ರೂಢಿ ಕಮ್ಮಿ, ಗೀರು ಹಾಕಿರೋ ಹಿತ್ತಾಳೆ ಅಳತೆ ಕೊಳವೆಯಲ್ಲಿ ತುಂಬಿ ಅಳೀತಾರೆ, ಅಂದ್ರೆ ಹೆಸರು ತೂಕದ್ದು, ಅಳತೆ ಮಾತ್ರ ಗಾತ್ರದ್ದು. ಕಪ್ಪು ಮದ್ದಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಬರುತ್ತೆ ಅನ್ನೋದ್ರಿಂದ ತೊಂದರೆ ಇರಲಿಲ್ಲ, ಬದಲಿ ಮದ್ದುಗಳು ಬಂದ್ಮೇಲೆ ತೊಂದರೆ ಶುರುವಾಯ್ತು. ಪೈರೋಡೆಕ್ಸ್ ಅದೇ ಕೊಳವೆ ತುಂಬಿದ್ರೂ ತೂಕ ಕಡಿಮೆ ಬರುತ್ತೆ, ಕೆಲಸ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಮಾಡುತ್ತೆ, ಅದನ್ನ ತಕ್ಕಡಿಯಲ್ಲಿ ತೂಗಿ 80 ಗ್ರೇನ್ ಹಾಕಿದೋರು ನಿಜವಾಗಿ ಅದಕ್ಕಿಂತ ಎಷ್ಟೋ ಜಾಸ್ತಿ ಹಾಕಿರ್ತಾರೆ. ಟ್ರಿಪಲ್ ಸೆವೆನ್ ಇನ್ನೂ ಖಾರ, ಕಪ್ಪು ಮದ್ದಿನ ಅಳತೆಗಿಂತ 15 ಪರ್ಸೆಂಟ್ ಕಡಿಮೆ ಹಾಕಿ ಅಂತ ತಯಾರಕರೇ ಹೇಳ್ತಾರೆ. ಇನ್ನು ಈಗಿನ ತೋಟಾಗಳ ಒಳಗಿರೋ ಹೊಗೆಯಿಲ್ಲದ ಮದ್ದು, ಅದನ್ನ ಇಂಥ ನಳಿಗೆಗೆ ಒಂದು ಚಿಟಿಕೆನೂ ಹಾಕ್ಬಾರ್ದು, ಅದರ ಒತ್ತಡಕ್ಕೆ ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತೆ, ಜೀವನೂ ಹೋಗಬಹುದು. ಅದಕ್ಕೆಂದೇ ಕಟ್ಟಿ, ಹಾಗಂತ ತಯಾರಕರೇ ಬರೆದುಕೊಟ್ಟಿರೋ ಕೆಲವೇ ರೈಫಲ್‌ಗಳು ಬಿಟ್ರೆ ಇದಕ್ಕೆ ವಿನಾಯಿತಿ ಇಲ್ಲ.

ಕಪ್ಪು ಮದ್ದಿನ ಡಬ್ಬಿ ಮೇಲೆ ಎಫ್ ಅಕ್ಷರಗಳಿರುತ್ತೆ, 2ಎಫ್, 3ಎಫ್ ಅಂತ. ಎಫ್ ಜಾಸ್ತಿಯಾದಷ್ಟೂ ಕಾಳು ಸಣ್ಣ, ಕಾಳು ಸಣ್ಣ ಆದಷ್ಟೂ ಬೇಗ ಉರಿಯುತ್ತೆ, ಒತ್ತಡನೂ ಬೇಗ ಏರುತ್ತೆ. 50 ಕ್ಯಾಲಿಬರ್ (ಅಂದ್ರೆ ನಳಿಗೆ ಒಳಗಿನ ಅಡ್ಡಳತೆ ಅರ್ಧ ಇಂಚು) ಮತ್ತೆ ಮೇಲಿನದಕ್ಕೆ 2ಎಫ್, 45 ಮತ್ತೆ ಕೆಳಗಿನದಕ್ಕೆ 3ಎಫ್ ಅನ್ನೋದು ರೂಢಿ. 4ಎಫ್ ಚಕಮಕಿ ಕೋವಿಯ ಕಿವಿಗೆ, ಅಂದ್ರೆ ಕಿಡಿ ಬೀಳೋ ಬಟ್ಟಲಿಗೆ ಮಾತ್ರ.

ಇಷ್ಟು ಗೊತ್ತಾದ್ಮೇಲೆ ನಳಿಗೆ ಒಳಗೆ ಸುರುಳಿಯಾಗಿ ಕೊರೆದಿರೋ ಗೀರುಗಳ ತಿರುವು ನೋಡ್ಬೇಕು. 48 ಇಂಚಿಗೆ ಒಂದು ಸುತ್ತು, 66 ಇಂಚಿಗೆ ಒಂದು ಸುತ್ತು, 28 ಇಂಚಿಗೆ ಒಂದು ಸುತ್ತು, ಹೀಗೆ ಬರೆದಿರ್ತಾರೆ. ನಿಧಾನ ತಿರುವಿನ ನಳಿಗೆ ಬಟ್ಟೆ ಸುತ್ತಿದ ಉರುಟು ಗುಂಡಿಗೆ ಚೆನ್ನ, ಬಿರುಸು ತಿರುವಿನದು ಉದ್ದ ಗುಂಡಿಗೆ. 28 ಇಂಚಿನ ತಿರುವಿರೋ ರೈಫಲ್‌ಗೆ ಉರುಟು ಗುಂಡು ಹಾಕಿ ಮದ್ದು ಏರಿಸ್ತಾ ಏರಿಸ್ತಾ ಹೋದ್ರೆ ಗುರಿ ಕೆಡ್ತಾನೇ ಹೋಗಬಹುದು, ಅಲ್ಲಿ ತಪ್ಪು ಮದ್ದಿಂದಲ್ಲ, ಜೋಡಿಯದು. ಇದನ್ನ ಮೊದಲೇ ನೋಡ್ಕೊಂಡ್ರೆ ಎಷ್ಟೋ ಮದ್ದು ಉಳಿಯುತ್ತೆ.

ಈಗ ಕೆಲಸ ಹೇಗೆ ನಡೆಯುತ್ತೆ ನೋಡೋಣ. 50 ಕ್ಯಾಲಿಬರ್ ರೈಫಲ್, 0.490 ಗುಂಡು, 0.015 ಇಂಚು ದಪ್ಪದ ಹತ್ತಿ ಬಟ್ಟೆ, 2ಎಫ್ ಮದ್ದು ಅಂದ್ಕೊಳ್ಳಿ. ಕ್ಯಾಲಿಬರ್ ಎಷ್ಟೋ ಅಷ್ಟು ಗ್ರೇನ್‌ನಿಂದ ಶುರು ಮಾಡೋದು ಹಳಬರ ಲೆಕ್ಕ, ಅಂದ್ರೆ 50 ಗ್ರೇನ್, ಪುಸ್ತಕದ ಮಿತಿ ಒಳಗಿದ್ರೆ ಅಲ್ಲಿಂದ ಹೊರಡಿ. ಬೆಂಚ್ ಮೇಲೆ ಮರಳು ಚೀಲ ಇಟ್ಟು ರೈಫಲ್ ಕೂರಿಸಿ, 50 ಗಜ (ಯಾರ್ಡ್) ದೂರದ ಟಾರ್ಗೆಟ್‌ಗೆ ಮೂರು ಈಡು, ಸಾಧ್ಯ ಆದ್ರೆ ಐದು. ಪ್ರತಿ ಈಡಿನ ಮಧ್ಯೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಒಂದೇ ಥರ ಎಳೀರಿ. ಇದು ಯಾಕಂದ್ರೆ ಕಪ್ಪು ಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಆಗೋದೇ ಇಲ್ಲ, ಘನ ಪದಾರ್ಥವಾಗಿ ಉಳಿಯುತ್ತೆ, ಸ್ವಲ್ಪ ಹೊಗೆಯಾಗಿ ಹೋಗುತ್ತೆ, ಸ್ವಲ್ಪ ಕಿಟ್ಟ ಆಗಿ ನಳಿಗೆಗೇ ಅಂಟ್ಕೊಳ್ಳುತ್ತೆ, ಆ ಕಿಟ್ಟ ಹಾಗೇ ಬಿಟ್ರೆ ಎರಡನೇ ಗುಂಡು ಬಿಗಿ, ನಾಲ್ಕನೇದು ಇನ್ನೂ ಬಿಗಿ, ಆಗ ನೀವು ನೋಡ್ತಿರೋದು ಮದ್ದಿನ ವ್ಯತ್ಯಾಸನಾ ಕಿಟ್ಟದ ವ್ಯತ್ಯಾಸನಾ ಅಂತಾನೇ ತಿಳಿಯಲ್ಲ. ಒರೆಸೋದ್ರಿಂದ ಒಳಗೆ ಕೆಂಡದ ಚೂರೇನಾದ್ರೂ ಉಳಿದಿದ್ರೆ ಆರಿಹೋಗುತ್ತೆ ಅನ್ನೋದು ಇನ್ನೊಂದು ಕಾರಣ, ಅದೇ ಕಾರಣಕ್ಕೆ ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಯಾವತ್ತೂ ಸುರೀಬಾರ್ದು, ಅಳತೆ ಕೊಳವೆಗೆ ಹಾಕಿ, ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಸುರೀಬೇಕು.

50 ಆದ್ಮೇಲೆ 55, ಆಮೇಲೆ 60, ಹೀಗೆ ಐದೈದು ಗ್ರೇನ್ ಏರಿಸ್ತಾ ಪ್ರತಿ ಅಳತೆಗೂ ಹೊಸ ಟಾರ್ಗೆಟ್ ಹಚ್ಚಿ. ಸಾಮಾನ್ಯವಾಗಿ ಕಾಣೋದು ಹೀಗೆ: ಶುರುವಲ್ಲಿ ತೂತುಗಳು ಅಂಗೈ ಅಗಲಕ್ಕೆ ಚದುರಿರುತ್ತೆ, 60, 65ಕ್ಕೆ ಹತ್ತಿರ ಹತ್ತಿರ ಬರುತ್ತೆ, ಎಲ್ಲೋ 70ರ ಸುತ್ತ ಮೂರೂ ತೂತು ಒಂದಕ್ಕೊಂದು ಅಂಟ್ಕೊಂಡ ಹಾಗೆ ಕೂರುತ್ತೆ, 80, 85ಕ್ಕೆ ಮತ್ತೆ ಬಿಚ್ಕೊಳ್ಳುತ್ತೆ. ನಿಮ್ಮ ರೈಫಲ್‌ನಲ್ಲಿ ಆ ಜಾಗ 60 ಇರಬಹುದು, 75 ಇರಬಹುದು, ಒಂದೇ ಕಂಪನಿಯ ಒಂದೇ ಮಾಡೆಲ್‌ನ ಎರಡು ರೈಫಲ್ ಕೂಡ ಬೇರೆ ಬೇರೆ ಹೇಳಬಹುದು. ಬೇರೆಯವರ ಲೋಡ್ ಹಾಗೇ ಎತ್ಕೊಂಡು ಹಾಕೋದು ನನಗೆ ಸರಿ ಅನ್ಸಲ್ಲ, ಅದು ಅವರ ನಳಿಗೆ ಕೊಟ್ಟ ಉತ್ತರ, ನಿಮ್ಮದಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟದ ಭಾಗ ಅಂದ್ರೆ ಪ್ಯಾಚ್ ಓದೋದು. ಈಡಾದ್ಮೇಲೆ ಗುಂಡಿಗೆ ಸುತ್ತಿದ ಬಟ್ಟೆ ನಳಿಗೆ ಮುಂದೆ ಹತ್ತು ಹದಿನೈದು ಗಜದಲ್ಲೇ ಹುಲ್ಲಿನ ಮೇಲೆ ಬಿದ್ದಿರುತ್ತೆ, ರೈಫಲ್‌ಗಳೆಲ್ಲ ಖಾಲಿ ಅಂತ ಖಾತ್ರಿ ಮಾಡ್ಕೊಂಡು ಹೋಗಿ ಹೆಕ್ಕಿ ತನ್ನಿ. ಕೈಯಲ್ಲಿ ಬಿಡಿಸಿ ಹಿಡಿದ್ರೆ ಮಧ್ಯದಲ್ಲಿ ಗುಂಡು ಕೂತಿದ್ದ ಜಾಗ ದುಂಡಗೆ ಬೂದು ಬಣ್ಣಕ್ಕಿರುತ್ತೆ, ಅದರ ಸುತ್ತ ಗೀರುಗಳು ಒತ್ತಿದ ಗುರುತು ಹಲ್ಲು ಹಲ್ಲಾಗಿ ಕಾಣುತ್ತೆ, ಅಂಚು ಸ್ವಲ್ಪ ದಾರ ಬಿಟ್ಕೊಂಡಿರುತ್ತೆ, ಇದು ಒಳ್ಳೇ ಪ್ಯಾಚ್, ಇನ್ನೊಂದ್ಸಲ ಹಾಕಬಹುದೇನೋ ಅನ್ನೋ ಹಾಗಿರುತ್ತೆ. ಗುಂಡಿನ ಸುತ್ತ ಉಂಗುರದ ಹಾಗೆ ಸುಟ್ಟು ತೂತಾಗಿದ್ರೆ ಬಿಸಿ ಗ್ಯಾಸ್ ಪಕ್ಕದಿಂದ ನುಗ್ಗಿದೆ ಅಂತ ಅರ್ಥ, ಬಟ್ಟೆ ತೆಳು ಆಯ್ತು, ಇಲ್ಲಾ ಜಿಡ್ಡು ಸಾಲಲಿಲ್ಲ. ಬ್ಲೇಡಲ್ಲಿ ಕುಯ್ದ ಹಾಗೆ ನೇರ ಸೀಳಿದ್ರೆ ನಳಿಗೆ ಬಾಯಿನ ಅಂಚೋ ಒಳಗಿನ ಗೀರಿನ ಏಣೋ ಚೂಪಾಗಿದೆ, ಹೊಸ ನಳಿಗೆಗಳಲ್ಲಿ ಇದು ಜಾಸ್ತಿ, ಹೊಡೀತಾ ಹೊಡೀತಾ ನುಣ್ಣಗಾಗುತ್ತೆ. ಚಿಂದಿ ಚಿಂದಿಯಾಗಿ ಸಿಕ್ರೆ ಅಥವಾ ಸಿಗದೇ ಇದ್ರೆ ಮೊದಲು ಬಟ್ಟೆ ಬದಲಾಯಿಸಿ, ಮದ್ದು ಮುಟ್ಟಬೇಡಿ. ಬಟ್ಟೆ ಪೂರ್ತಿ ಹತ್ತಿಯದೇ ಇರ್ಬೇಕು, ನೈಲಾನ್ ಪಾಲಿಯೆಸ್ಟರ್ ಸೇರಿದ್ರೆ ಕರಗಿ ನಳಿಗೆಗೆ ಮೆತ್ತುತ್ತೆ. ಜಿಡ್ಡಿಗೂ ಜೇನುಮೇಣ, ಪ್ರಾಣಿ ಕೊಬ್ಬು, ಗಿಡದ ಎಣ್ಣೆ ಇಂಥದ್ದು ಸರಿ, ಪೆಟ್ರೋಲಿಯಂ ಎಣ್ಣೆ ಕಪ್ಪು ಮದ್ದಿನ ಜೊತೆ ಸೇರಿ ಡಾಂಬರಿನ ಥರ ಗಟ್ಟಿ ಆಗುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಇದನ್ನ ಮಾತ್ರ ಮೀರಬೇಡಿ. ಮದ್ದೂ ಏರಿಸಿ ಬಟ್ಟೆನೂ ದಪ್ಪ ಮಾಡಿ ಗುರಿ ಸುಧಾರಿಸಿದ್ರೆ ಯಾವುದರಿಂದ ಸುಧಾರಿಸ್ತು ಅಂತ ಹೇಳೋದು ಹೇಗೆ? ಮದ್ದಿನ ಒಳ್ಳೇ ಜಾಗ ಸಿಕ್ಕಿದ್ಮೇಲೆ ಅದನ್ನ ಅಲ್ಲೇ ನಿಲ್ಲಿಸಿ ಬಟ್ಟೆ ದಪ್ಪ ಬದಲಾಯಿಸಿ ನೋಡಿ, ಆಮೇಲೆ ಜಿಡ್ಡು. ಎಲ್ಲಾ ಬರೆದಿಟ್ಕೊಳ್ಳಿ, ಆವತ್ತಿನ ಹವಾನೂ ಸೇರಿಸಿ, ಯಾಕಂದ್ರೆ ಒಣ ಹವಾದಲ್ಲಿ ಕಿಟ್ಟ ಗಟ್ಟಿಯಾಗಿ ಕೂರುತ್ತೆ, ತೇವದಲ್ಲಿ ಮೆತ್ತಗೆ ಇರುತ್ತೆ.

ಮದ್ದು ಜಾಸ್ತಿ ಹಾಕಿದಷ್ಟೂ ಪೆಟ್ಟು ಜಾಸ್ತಿ ಅನ್ನೋ ನಂಬಿಕೆ ಒಂದಿದೆ, ಅದಕ್ಕೂ ಇಲ್ಲೇ ಉತ್ತರ ಸಿಗುತ್ತೆ. ನಳಿಗೆ ಒಳಗಿನ ಜಾಗದ ಒಂದು ಘನ ಇಂಚಿಗೆ 11.5 ಗ್ರೇನ್ ಮದ್ದು ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋ ಲೆಕ್ಕ ಒಂದಿದೆ, ಡೇವನ್‌ಪೋರ್ಟ್ ಸೂತ್ರ ಅಂತಾರೆ. 50 ಕ್ಯಾಲಿಬರ್, 28 ಇಂಚು ನಳಿಗೆ ಅಂದ್ರೆ ಒಳಗಿನ ಜಾಗ ಸುಮಾರು 5.5 ಘನ ಇಂಚು, ಲೆಕ್ಕ ಹಾಕಿದ್ರೆ 63 ಗ್ರೇನ್. ಅದನ್ನ ದಾಟಿದ್ರೆ ವೇಗ ಏರಲ್ಲ ಅಂತಲ್ಲ, ಏರುತ್ತೆ, ಆದ್ರೆ ಹಾಕಿದ ಒಂದೊಂದು ಗ್ರೇನಿಗೂ ಸಿಗೋದು ಕಮ್ಮಿ ಆಗ್ತಾ ಹೋಗುತ್ತೆ, ಭುಜಕ್ಕೆ ಬೀಳೋ ಒದೆತ ಮಾತ್ರ ಕಮ್ಮಿ ಆಗಲ್ಲ. ಅದರ ಮೇಲೆ ಉರುಟು ಗುಂಡು ಗಾಳಿಯಲ್ಲಿ ಬಹಳ ಬೇಗ ವೇಗ ಕಳ್ಕೊಳ್ಳುತ್ತೆ, ಸೆಕೆಂಡಿಗೆ 1800 ಅಡಿ ವೇಗದಲ್ಲಿ ಹೊರಟ ಆ 177 ಗ್ರೇನ್ ಗುಂಡು 100 ಗಜ ಮುಟ್ಟೋ ಹೊತ್ತಿಗೆ 1100ರ ಆಸುಪಾಸಿಗೆ ಇಳಿದಿರುತ್ತೆ. ಇನ್ನೂರು ಅಡಿ ಜಾಸ್ತಿ ವೇಗದಲ್ಲಿ ಹೊರಡಿಸಿದ್ರೂ ಆ ದೂರಕ್ಕೆ ಹೋಗೋಷ್ಟರಲ್ಲಿ ಅದರ ಬಹುಪಾಲು ಗಾಳಿಗೇ ಹೋಗಿರುತ್ತೆ.

ಏರಿಸೋದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆ ಇದೆ. ಗುಂಡು ಮದ್ದಿನ ಮೇಲೆ ಕೂರದೇ ನಡುವೆ ಎಲ್ಲೋ ನಿಂತ್ರೆ, ಮದ್ದಿಗೂ ಗುಂಡಿಗೂ ಮಧ್ಯೆ ಖಾಲಿ ಜಾಗ ಉಳಿದ್ರೆ, ಸಣ್ಣ ಈಡಿಗೂ ನಳಿಗೆ ಉಬ್ಬಬಹುದು, ಒಡೀಬಹುದು. ಇದಕ್ಕೇ ಗಜದ ಮೇಲೆ ಗುರುತು ಹಾಕೋದು: ನಳಿಗೆ ಖಾಲಿ ಇದ್ದಾಗ ಗಜ ಎಲ್ಲಿವರೆಗೆ ಇಳಿಯುತ್ತೆ ಅಲ್ಲೊಂದು ಗೀರು, ನಿಮ್ಮ ಲೋಡ್ ಸರಿಯಾಗಿ ಕೂತಾಗ ಎಲ್ಲಿಗೆ ನಿಲ್ಲುತ್ತೆ ಅಲ್ಲೊಂದು ಗೀರು. ಎರಡನೇ ಗೀರು ನಳಿಗೆ ಬಾಯಿಗೆ ಸರಿಯಾಗಿ ಬರೋವರೆಗೆ ಕೇಪು ಹಾಕೋದೇ ಬೇಡ. ಕುದುರೆ (ಕೇಪಿಗೆ ಹೊಡೆಯೋ ಸುತ್ತಿಗೆ) ಬಿದ್ದು ಕೇಪು ಸಿಡಿದೂ ಈಡಾಗ್ಲಿಲ್ಲ ಅಂದ್ರೆ ರೈಫಲ್ ಇಳಿಸ್ಬೇಡಿ, ಟಾರ್ಗೆಟ್ ಕಡೆಗೇ ಹಿಡ್ಕೊಂಡು ಒಂದು ನಿಮಿಷಕ್ಕೂ ಜಾಸ್ತಿ ಕಾಯಿರಿ, ತಡವಾಗಿ ಹೊತ್ಕೊಳ್ಳೋದು ಉಂಟು.

ಟಾರ್ಗೆಟ್ ಸ್ಪರ್ಧೆಯ ಲೋಡ್‌ಗೂ ಬೇಟೆ ಲೋಡ್‌ಗೂ ವ್ಯತ್ಯಾಸ ಬರೋದು ಕೊನೇಲಿ. ಸ್ಪರ್ಧೆಯಲ್ಲಿ ಐದೋ ಹತ್ತೋ ಈಡು ಒಂದೇ ಕಡೆ ಬೀಳ್ಬೇಕು, ಬೇಟೆಯಲ್ಲಿ ಇರೋದು ಒಂದೇ ಈಡು, ಅದೂ ಬೆಳಗಿನ ತಣ್ಣಗಿನ ನಳಿಗೆಯಿಂದ, ಅದು ತಪ್ಪಿದ್ರೆ ಪ್ರಾಣಿ ಗಾಯ ಮಾಡ್ಕೊಂಡು ನರಳುತ್ತೆ, ಇನ್ನೊಂದು ಈಡು ತುಂಬೋಷ್ಟರಲ್ಲಿ ಕಣ್ಮರೆ ಆಗಿರುತ್ತೆ. ತೂತುಗಳನ್ನ ಹತ್ತಿರ ಹತ್ತಿರ ಕೂರಿಸಿದ ಲೋಡ್‌ನ ಮೊದಲನೇ ಗುಂಡು ಮಾತ್ರ ಸ್ವಲ್ಪ ಆಚೀಚೆ ಬೀಳೋದು ತುಂಬಾ ರೈಫಲ್‌ಗಳಲ್ಲಿ ಇದೆ, ಒಳಗೆ ಸವರಿಟ್ಟ ಎಣ್ಣೆ ಪೂರ್ತಿ ಒರೆಸದೇ ಇದ್ರೆ ಇನ್ನೂ ಜಾಸ್ತಿ. ಹಾಗಾಗಿ ಲೋಡ್ ಸಿಕ್ತು ಅಂತ ಅನ್ಸಿದ್ಮೇಲೆ ಬೇರೆ ಬೇರೆ ದಿನ ಹೋಗಿ, ಬೇಟೆಗೆ ಹೇಗೆ ತುಂಬ್ತೀರೋ ಹಾಗೇ ತುಂಬಿ, ಒಂದೇ ಈಡು ಹೊಡೆದು ವಾಪಸ್ ಬನ್ನಿ. ಟಾರ್ಗೆಟ್ ಅದೇ ಇರಲಿ, ಬಿಸಾಡಬೇಡಿ, ಮಾರನೇ ಸಲ ಮತ್ತೆ ಅದನ್ನೇ ಹಚ್ಚಿ. ಐದಾರು ದಿನದ ಐದಾರು ತಣ್ಣನೆ ಈಡು ಒಂದೇ ಹಾಳೆ ಮೇಲೆ ಒಂದು ಮುಷ್ಟಿಯಷ್ಟು ಜಾಗದಲ್ಲಿ ಬಿದ್ರೆ ಸೈಟ್ ಅದಕ್ಕೆ ಹೊಂದಿಸ್ಕೊಳ್ಳಿ, ಆಗ ಬೇಟೆ ಲೋಡ್ ವರ್ಕ್ ಅಪ್ ಆಯ್ತು ಅಂತ ಹೇಳ್ಬಹುದು, ಅದೂ ಆ ಮದ್ದಿನ ಡಬ್ಬಿ, ಆ ಬಟ್ಟೆ ತುಂಡು ಮುಗಿಯೋವರೆಗೆ, ಹೊಸದು ತಂದ್ರೆ ಇನ್ನೊಂದು ಮೂರು ಈಡು ಹೊಡೆದು ತಾಳೆ ನೋಡ್ಕೊಳ್ಬೇಕು.