ಬಲಗೈಯ ಉಗುರಿನಲ್ಲಿ ಎರಡು ಸಂಗೀತ

ಬಸವನಗುಡಿಯಲ್ಲಿ ಕುಳಿತು ‘ಕ್ಲಾಸಿಕಲ್ ಗಿಟಾರ್ ಕಲಿಸುತ್ತೇನೆ’ ಎಂದರೆ ಮೊದಲು ಬರುವ ಪ್ರಶ್ನೆ, ‘ಕರ್ನಾಟಕವೋ ಹಿಂದೂಸ್ತಾನಿಯೋ?’ ಎರಡೂ ಅಲ್ಲ, ನೈಲಾನ್ ತಂತಿಯ ಗಿಟಾರನ್ನು ಬೆರಳಿನಿಂದ ಮೀಟುವ, ಬರೆದಿಟ್ಟ ಸ್ವರಲಿಪಿ ನೋಡಿ ನುಡಿಸುವ ಪಾಶ್ಚಾತ್ಯ ಪದ್ಧತಿ ಎಂದು ವಿವರಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಜೊತೆಗೆ ಜಾಝ್ ಕೂಡ ಎಂದುಬಿಟ್ಟರೆ ಮುಗಿಯಿತು. ಕಳೆದ ವರ್ಷ ಮಗನನ್ನು ಸೇರಿಸಲು ಬಂದ ತಾಯಿಯೊಬ್ಬರು ನೇರವಾಗಿಯೇ ಕೇಳಿದರು: ‘ಸರ್, ಎರಡು ದೋಣಿಯಲ್ಲಿ ಕಾಲಿಟ್ಟರೆ ಇವನು ಯಾವ ದಡ ಸೇರುತ್ತಾನೆ?’

ಅವರಿಗೆ ನಾನು ಚಾರ್ಲಿ ಬೈರ್ಡ್ ಬಗ್ಗೆ ಹೇಳಿದೆ. 1925ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಬೈರ್ಡ್‌ಗೆ ಗಿಟಾರಿನ ಮೊದಲ ಪಾಠ ಹೇಳಿದ್ದು ತಂದೆ. ಎರಡನೇ ಮಹಾಯುದ್ಧದ ಸೈನಿಕನಾಗಿ ಫ್ರಾನ್ಸಿಗೆ ಹೋದಾಗ ಜಾಝ್ ಗಿಟಾರಿನ ದೊಡ್ಡ ಹೆಸರು ಜಾಂಗೋ ರೈನ್‌ಹಾರ್ಟ್ ಅವರ ಭೇಟಿಯಾಯಿತು. ಊರಿಗೆ ಮರಳಿ ಕೆಲವು ವರ್ಷ ಜಾಝ್ ನುಡಿಸಿದ ಮೇಲೆ, ಇಪ್ಪತ್ತೈದರ ಆಸುಪಾಸಿನಲ್ಲಿ, ವಾಷಿಂಗ್ಟನ್ನಿನ ಸೊಫೊಕ್ಲಿಸ್ ಪಾಪಾಸ್ ಅವರ ಬಳಿ ಶಾಸ್ತ್ರೀಯ ಗಿಟಾರಿನ ಪಾಠಕ್ಕೆ ಕುಳಿತರು. 1954ರಲ್ಲಿ ಇಟಲಿಯ ಸಿಯೆನಾಕ್ಕೆ ಹೋಗಿ ಶಾಸ್ತ್ರೀಯ ಗಿಟಾರಿನ ದಿಗ್ಗಜ ಆಂಡ್ರೆಸ್ ಸೆಗೋವಿಯಾ ಅವರಿಂದಲೂ ಕಲಿತರು. ಅಷ್ಟು ಕಲಿತು ಜಾಝ್ ಬಿಟ್ಟರೇ? ಇಲ್ಲ. ಅದಕ್ಕೇ ಹಿಂದಿರುಗಿದರು, ಬಲಗೈಯನ್ನು ಬದಲಾಯಿಸಿಕೊಂಡು.

ಎರಡು ಸಂಗೀತ ಬೆರೆಯುವುದು ಈ ಬಲಗೈಯಲ್ಲಿ. ಪಿಕ್, ಅಂದರೆ ತಂತಿ ಮೀಟುವ ಪ್ಲಾಸ್ಟಿಕ್ ಚೂರು, ಹಿಡಿದವನಿಗೆ ಒಂದೇ ಕೊಕ್ಕು. ಉಗುರು ಬೆಳೆಸಿದವನಿಗೆ ಹೆಬ್ಬೆರಳೂ ಸೇರಿ ನಾಲ್ಕು. ವೀಣೆ ನುಡಿಸುವವರನ್ನು ನೋಡಿ: ತೋರುಬೆರಳು, ನಡುಬೆರಳು ಮೀಟುತ್ತಿರುವಾಗಲೇ ಕಿರುಬೆರಳು ತಾಳದ ತಂತಿಯನ್ನು ಸವರುತ್ತಿರುತ್ತದೆ. ಗಿಟಾರಿನಲ್ಲಿ ಆ ಕೆಲಸ ಹೆಬ್ಬೆರಳಿನದು. ಅದು ಮಂದ್ರದ ತಂತಿಗಳಲ್ಲಿ ನಡೆ ಹಿಡಿದಿದ್ದರೆ ಉಳಿದ ಬೆರಳುಗಳಿಗೆ ಅಲೆದಾಡುವ ಸ್ವಾತಂತ್ರ್ಯ.

ಈ ಪಾಠ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿ ಬಂದ ಮಕ್ಕಳಿಗಿಂತ ಮೃದಂಗ ಕಲಿತು ಬಂದವರಿಗೆ ಬೇಗ ಹತ್ತುತ್ತದೆ. ಬ್ರೆಜಿಲಿನ ಬೋಸಾ ನೋವಾ ಎಂಬ ಸಂಗೀತ ಶೈಲಿ ತೆಗೆದುಕೊಳ್ಳಿ. ಹೆಬ್ಬೆರಳು ಎರಡು ಪೆಟ್ಟನ್ನೂ ತಪ್ಪದೆ ಕೊಡುತ್ತದೆ, ಮೇಲಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಪೆಟ್ಟಿಗೆ ತುಸು ಮೊದಲೋ ಆಮೇಲೋ ಬೀಳುತ್ತವೆ. ತೊಡೆಯ ಮೇಲೆ ತಾಳ ಹಾಕುತ್ತ ಅನಾಗತದಲ್ಲಿ, ಅಂದರೆ ತಾಳದ ಪೆಟ್ಟು ಬಿದ್ದ ತುಸು ಹೊತ್ತಿನ ಮೇಲೆ, ಎತ್ತಿಕೊಂಡು ಹಾಡಿ ಗೊತ್ತಿರುವ ಹುಡುಗಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಕಾಣುವುದಿಲ್ಲ. ಜಾಝಿನ ‘ಸ್ವಿಂಗ್’ ಕೂಡ ಹಾಗೆಯೇ. ಹಾಳೆಯಲ್ಲಿ ಎರಡು ಸಮ ಸ್ವರಗಳು ಬರೆದಿರುತ್ತವೆ, ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ನಾನು ಹೇಳಿಕೊಡುವುದು ಹೀಗೆ: ತಿಶ್ರ ನಡೆಯಲ್ಲಿ ‘ತಕಿಟ’ ಹೇಳಿ, ‘ಕಿ’ಯನ್ನು ನುಂಗಿ, ‘ತ’ವನ್ನು ಅಷ್ಟು ಎಳೆಯಿರಿ. ವೇಗ ಹೆಚ್ಚಿದಂತೆ ಈ ಅಳತೆ ಸಮದ ಕಡೆಗೆ ಸರಿಯುತ್ತದೆ, ಅದನ್ನು ಕಿವಿಯೇ ಕಲಿಯಬೇಕು. ಶುದ್ಧ ಶಾಸ್ತ್ರೀಯ ಶಿಸ್ತಿನ ಕೈ ಸಮತೆಗೆ ಎಷ್ಟು ಒಗ್ಗಿರುತ್ತದೆ ಎಂದರೆ, ಬೈರ್ಡ್ ಅವರ ಒಂಟಿ ಸ್ವರಗಳ ಓಟವೂ ನನ್ನ ಕಿವಿಗೆ ಕೆಲವೆಡೆ ಚಚ್ಚೌಕವಾಗಿ ಕೇಳುತ್ತದೆ. 1970ರ ದಶಕದಲ್ಲಿ ಅವರು ಬಾರ್ನಿ ಕೆಸೆಲ್, ಹರ್ಬ್ ಎಲಿಸ್ ಜೊತೆ ಸೇರಿ ನುಡಿಸಿದ ಧ್ವನಿಮುದ್ರಿಕೆಗಳಲ್ಲಿ ಇದು ಎದ್ದು ಕಾಣುತ್ತದೆ. ಉಳಿದಿಬ್ಬರದು ಎಲೆಕ್ಟ್ರಿಕ್ ಗಿಟಾರ್, ಜಾರುವ ನಡಿಗೆ. ಬೈರ್ಡ್ ಬಂದರೆಂದರೆ ಉಗುರಿನ ದನಿಯೇ ಹೇಳಿಬಿಡುತ್ತದೆ. ಆದರೆ ಕಾರ್ಡ್‌ಗಳನ್ನು ಬಿಡಿಸಿ ಹರಡುವಾಗ ಅವರಿಗೆ ಸಾಟಿಯಿಲ್ಲ.

ಇನ್ನು ದಡದ ಮಾತು. 1957ರಿಂದ ವಾಷಿಂಗ್ಟನ್ನಿನ ಶೋಬೋಟ್ ಎಂಬ ಕ್ಲಬ್ಬು ಬೈರ್ಡ್ ಅವರಿಗೆ ನೆಲೆಯಾಯಿತು. 1961ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಬ್ರೆಜಿಲ್ ಕಂಡು ಬಂದರು. 1962ರ ಫೆಬ್ರವರಿಯಲ್ಲಿ ಸ್ಯಾಕ್ಸೊಫೋನಿನ ಸ್ಟಾನ್ ಗೆಟ್ಜ್ ಜೊತೆ ಚರ್ಚೊಂದರ ಸಭಾಂಗಣದಲ್ಲಿ ಒಂದೇ ದಿನದಲ್ಲಿ ‘ಜಾಝ್ ಸಾಂಬಾ’ ಎಂಬ ಆಲ್ಬಮ್ ಮುದ್ರಿಸಿದರು. ಮರುವರ್ಷ ಅದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಆಲ್ಬಮ್ ಪಟ್ಟಿಯ ತುದಿಗೇರಿತು. ಗ್ರ್ಯಾಮಿ ಪ್ರಶಸ್ತಿ ಮಾತ್ರ ಗೆಟ್ಜ್ ಪಾಲಾಯಿತು. ಬ್ರೆಜಿಲಿನ ಹುಚ್ಚು ಹತ್ತಿಸಿಕೊಂಡು ಬಂದವರು ಬೈರ್ಡ್ ಮತ್ತು ಅವರ ವಾದ್ಯವೃಂದದವರು ಎಂಬುದನ್ನು ನಾನು ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ತುಸು ಹೊಟ್ಟೆಯುರಿಯಿಂದಲೇ.

ಬೆಂಗಳೂರಿಗೆ ಇಂಥ ಬೆಸುಗೆ ಹೊಸದೇನಲ್ಲ. ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1980ರ ದಶಕದಲ್ಲೇ ಧ್ವನಿಮುದ್ರಣ ಮಾಡಿದೆ. ಕೊರತೆ ಇರುವುದು ವಾರವಾರ ನುಡಿಸಬಹುದಾದ ಒಂದು ಮೂಲೆಯದು. ನನ್ನ ಬಾಡಿಗೆ ಕಟ್ಟುವುದು ಪಾಠ; ಆರತಕ್ಷತೆ, ಹೋಟೆಲ್ಲಿನ ಭಾನುವಾರದ ಊಟದ ಹೊತ್ತು ಮೇಲುಖರ್ಚಿಗೆ. ನೈಲಾನ್ ತಂತಿಯ ದನಿ ಸಣ್ಣದು. ಡ್ರಮ್ಸಿನ ಪಕ್ಕದಲ್ಲಿ ಅದು ಮದುವೆಮನೆಯಲ್ಲಿ ಪಿಸುಮಾತಾಡಿದಂತೆ. ಹಿಂದೊಮ್ಮೆ ಇಂದಿರಾನಗರದ ಹೋಟೆಲ್ಲೊಂದರಲ್ಲಿ ದನಿ ಏರಿಸಿ ಎಂದು ಹಟ ಮಾಡಿದೆ. ಸ್ಪೀಕರಿನ ದನಿ ಗಿಟಾರಿನ ಹೊಟ್ಟೆ ಹೊಕ್ಕು ಮತ್ತೆ ಸ್ಪೀಕರಿಗೆ ಹೋಗಿ, ಹತ್ತು ನಿಮಿಷ ಎಲ್ಲರೂ ಊಳು ಕೇಳಿದರು. ಅಂದಿನಿಂದ ಗಿಟಾರಿನ ರಂಧ್ರಕ್ಕೆ ರಬ್ಬರ್ ಮುಚ್ಚಳ ಒಯ್ಯುತ್ತೇನೆ, ಡ್ರಮ್ಮರಿಗೆ ಕೋಲಿನ ಬದಲು ಬ್ರಷ್ ಹಿಡಿಯಿರಿ ಎಂದು ಮೊದಲೇ ಕೈಮುಗಿಯುತ್ತೇನೆ.

ದೋಣಿಯ ಪ್ರಶ್ನೆ ಕೇಳಿದ ತಾಯಿಯ ಮಗನ ಹೆಬ್ಬೆರಳು ಈಗ ನಡೆ ಹಿಡಿದಿದೆ. ಮೊನ್ನೆ ಪರೀಕ್ಷೆಗೆ ಎರಡು ದಿನ ಇರುವಾಗ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ನಡುಬೆರಳಿನ ಉಗುರು ಮುರಿದುಕೊಂಡು ಬಂದ. ಪಿಂಗ್‌ಪಾಂಗ್ ಚೆಂಡನ್ನು ಕತ್ತರಿಸಿ, ಒಂದು ಚೂರನ್ನು ಉಗುರಿನಡಿಗೆ ಅಂಟಿಸಿ, ನಯವಾದ ಮರಳುಕಾಗದದಲ್ಲಿ ತೀಡಿ ಕಳಿಸಿದೆ. ಸಂಜೆ ತಾಯಿಯ ಫೋನು: ‘ಸರ್, ಊಟಕ್ಕೆ ಕೂತಿದ್ದಾನೆ. ಈ ಕೈಯಲ್ಲಿ ಸಾರನ್ನ ಕಲಸಬಹುದೇ?’

ಚಮಚ ಕೊಡಿ ಎಂದೆ.