ಬಾಗಿಲು ತೆರೆದಾಗ ಸಮ ಬೀಳಬೇಕು

ಹಾಡು ಮಾಡಿ ಪಳಗಿದವರೂ ರೀ-ರೆಕಾರ್ಡಿಂಗ್‌ಗೆ, ಅಂದರೆ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂರಿಸಲು, ಕೂತಾಗ ಎಡವುವುದು ರಾಗದಲ್ಲಲ್ಲ, ಲೆಕ್ಕದಲ್ಲಿ. ಹಾಡಿನ ಲಯಕ್ಕೆ ತಕ್ಕಂತೆ ದೃಶ್ಯ ಕತ್ತರಿಸುತ್ತಾರೆ. ಹಿನ್ನೆಲೆ ಸಂಗೀತ ಮಾತ್ರ ಕತ್ತರಿಸಿಟ್ಟ ದೃಶ್ಯದ ಹಿಂದೆಯೇ ನಡೆಯಬೇಕು.

ನಾಯಕಿ ಅಂಗಳ ದಾಟಿ ಬಾಗಿಲು ತೆರೆಯಲು 42 ಸೆಕೆಂಡು ಅಂದುಕೊಳ್ಳಿ. ನಿಮಿಷಕ್ಕೆ 90 ಬೀಟ್ ಇಟ್ಟರೆ ಅಷ್ಟರಲ್ಲಿ 63 ಬೀಟ್ ಮುಗಿದಿರುತ್ತವೆ. ಬಾಗಿಲು ತೆರೆಯುವುದು ಆವರ್ತದ (ತಾಳದ ಒಂದು ಸುತ್ತಿನ) ಕೊನೇ ಪೆಟ್ಟಿನ ಮೇಲೆ, ದೃಶ್ಯ ಜಾರಿದಂತೆ ಅನಿಸುತ್ತದೆ. ಬೇಕಾದದ್ದು 64. ಅದನ್ನು 60ರಿಂದ ಗುಣಿಸಿ 42ರಿಂದ ಭಾಗಿಸಿದರೆ 91.43. ಟೆಂಪೋ ಅಷ್ಟಕ್ಕೆ ಏರಿಸಿ: 8 ಪೆಟ್ಟಿನ ಆದಿತಾಳದ 8 ಆವರ್ತ ಮುಗಿದು ಒಂಬತ್ತನೆಯದರ ಸಮ, ಅಂದರೆ ಮೊದಲ ಪೆಟ್ಟು, ಸರಿಯಾಗಿ ಬಾಗಿಲ ಮೇಲೆ ಬೀಳುತ್ತದೆ. ವೇಗ ಹೆಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ. ಪೆಟ್ಟು ಒಂದೆರಡು ಫ್ರೇಮ್ ತಡವಾದರೆ ಚಿಂತೆಯಿಲ್ಲ. ಮೊದಲೇ ಬಿದ್ದರೆ ಮಾತ್ರ ಗುಟ್ಟು ಬಿಟ್ಟುಕೊಟ್ಟಂತೆ.

ಎಡಿಟಿಂಗ್ ಲಾಕ್ ಆಗದೆ (ಇನ್ನು ಕತ್ತರಿ ಹಾಕುವುದಿಲ್ಲ ಎಂದು ಖಚಿತವಾಗದೆ) ಈ ಲೆಕ್ಕಕ್ಕೆ ಕೈಹಾಕಬೇಡಿ. ಆಮೇಲೆ 12 ಫ್ರೇಮ್ ತೆಗೆದರೂ ಅರ್ಧ ಸೆಕೆಂಡು ಹೋಯಿತು, ಸಮವೂ ಹೋಯಿತು. ವಿಡಿಯೊ ಕೈಸೇರಿದ ಕೂಡಲೇ ಫ್ರೇಮ್ ರೇಟ್ ನೋಡಿ: ಸೆಕೆಂಡಿಗೆ 24 ಫ್ರೇಮ್‌ನ ಚಿತ್ರ 25ರಲ್ಲಿ ಓಡಿದರೆ ನಿಮಿಷಕ್ಕೆ 2.4 ಸೆಕೆಂಡು ಮಾಯ. ರೆಕಾರ್ಡಿಂಗ್ ಸೆಷನ್‌ನ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. 44.1ರ ಫೈಲನ್ನು ಪರಿವರ್ತಿಸದೆ 48ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ.

ಮಿಕ್ಸಿಂಗ್‌ಗೆ ಒಂದೇ ಸ್ಟೀರಿಯೊ ಫೈಲ್ ಕೊಡಲೇಬೇಡಿ. ತಾಳವಾದ್ಯ, ಬಾಸ್, ವಯಲಿನ್ ಗುಂಪು, ಒಂಟಿ ವಾದ್ಯ, ಕೋರಸ್ ಎಲ್ಲವೂ ಬೇರೆಬೇರೆ ಸ್ಟೆಮ್, ಅಂದರೆ ಒಂದೊಂದಕ್ಕೂ ಪ್ರತ್ಯೇಕ ಫೈಲ್. ಎಲ್ಲದರ ಆರಂಭ ರೀಲಿನ ಒಂದೇ ಜಾಗದಿಂದ. ಪಿಸುಮಾತಿನ ಮೇಲೆ ಕೊಳಲು ಬಂದು ಕೂತರೆ ಮಿಕ್ಸ್ ಎಂಜಿನಿಯರ್ ಕೊಳಲನ್ನಷ್ಟೇ ತಗ್ಗಿಸಬಹುದು. ಒಂದೇ ಫೈಲಾದರೆ ಇಡೀ ಸಂಗೀತವೇ ತಗ್ಗುತ್ತದೆ, ಕಷ್ಟಪಟ್ಟು ಬರೆದ ತಂಬೂರಿಯ ಎಳೆಯೂ ಅದರೊಂದಿಗೆ ಮುಳುಗುತ್ತದೆ. ಕನ್ನಡ ಪದಗಳಿರುವ ಕೋರಸ್ ಬೇರೆ ಇರದಿದ್ದರೆ ತೆಲುಗು, ಹಿಂದಿ ಡಬ್ಬಿಂಗ್ ಹೊತ್ತಿಗೆ ಮತ್ತೆ ರೆಕಾರ್ಡಿಂಗ್ ಖರ್ಚು.

ಇನ್ನು ಕಾಗದಪತ್ರ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಯ ರಾಯಧನದಲ್ಲಿ ಸಂಗೀತ ಕೃತಿಯ ಕರ್ತೃವಿಗೆ ಸಮಪಾಲಿದೆ. ಆ ಪಾಲನ್ನು ವಾರಸುದಾರರು ಅಥವಾ ಕಾಪಿರೈಟ್ ಸೊಸೈಟಿಗಲ್ಲದೆ ಬೇರಾರಿಗೂ ಬರೆದುಕೊಡುವಂತಿಲ್ಲ. ಸಂಭಾವನೆಯಲ್ಲೇ ಎಲ್ಲ ಹಕ್ಕೂ ಸೇರಿದೆ ಎಂಬ ಸಾಲು ಒಪ್ಪಂದದಲ್ಲಿ ಕಂಡರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಪ್ರತಿ ತುಣುಕಿನ ಹೆಸರು, ಅವಧಿ, ಕರ್ತೃ ಇರುವ ಕ್ಯೂ ಶೀಟನ್ನು ಫೈನಲ್ ಮಿಕ್ಸ್ ಮುಗಿದ ದಿನವೇ ಬರೆದಿಡಿ.